ಬೇರೆಬೇರೆ ಸ್ಕ್ರಿಪ್ಟ್‌ಗಳ ನಡುವೆ ಮೌಲ್ಯ ಹಂಚಿಕೊಳ್ಳಲು ಎಸ್‌ಕ್ಯೂಲೈಟ್: ಅಡಿಕೆ ಅಂಗಡಿಯೊಂದರ ಬಳಕೆಯಿಂದ ಬರೆದ ವಿಮರ್ಶೆ

ಕಮಾಂಡ್ ಲೈನಿನಲ್ಲಿ ಬೇರೆಬೇರೆಯಾಗಿ ಓಡಿಸುವ ಸ್ಕ್ರಿಪ್ಟ್‌ಗಳು ಒಂದೇ ಮೌಲ್ಯವನ್ನು ಹಂಚಿಕೊಳ್ಳಬೇಕಾಗಿ ಬಂದಾಗ ಹೆಚ್ಚಿನವರು ಮೊದಲು, ಪ್ರೋಗ್ರಾಮು ಓಡುವಾಗ ಅದರ ಜೊತೆಗೆ ಸಿಗುವ ಹೆಸರು-ಮೌಲ್ಯದ ಜೋಡಿಯಾದ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ ಕೈಹಾಕುತ್ತಾರೆ. ಅದು ಕೈಕೊಟ್ಟರೆ ಒಂದು ಟೆಕ್ಸ್ಟ್ ಫೈಲಿಗೆ ಹೋಗುತ್ತಾರೆ, ಆ ಫೈಲೂ ಸಾಲದೆ ಬಂದರೆ ನೇರವಾಗಿ ದೊಡ್ಡ ಡೇಟಾಬೇಸ್ ಸರ್ವರನ್ನು ತಂದು ಕೂರಿಸುತ್ತಾರೆ. ಎರಡನೆಯ ಮತ್ತು ಮೂರನೆಯ ಹೆಜ್ಜೆಗಳ ನಡುವೆ, ಸರ್ವರಿಲ್ಲದೆ ಒಂದೇ ಫೈಲಿನಲ್ಲಿ ಮಾಹಿತಿ ಇಡುವ ಎಸ್‌ಕ್ಯೂಲೈಟ್ ಎಂಬುದೊಂದು ಇದೆ ಎಂಬುದು ಹಲವರ ಗಮನಕ್ಕೆ ಬಾರದೆ ಹೋಗುತ್ತದೆ, ಏಕೆಂದರೆ ಅದನ್ನು ಡೇಟಾಬೇಸ್ ಎಂದು ಕರೆಯುವುದು ರೂಢಿಯಾಗಿದೆ ಮತ್ತು ಐದಾರು ವೇರಿಯೇಬಲ್‌ಗಳಿಗೆ ಡೇಟಾಬೇಸ್ ಯಾಕೆ ಎಂದು ಯಾರಿಗಾದರೂ ಅನಿಸುತ್ತದೆ. ಈ ಬರಹದಲ್ಲಿ ಎಸ್‌ಕ್ಯೂಲೈಟಿನ ಟರ್ಮಿನಲ್ ಉಪಕರಣವನ್ನು ಆ ಒಂದೇ ಕೆಲಸದ ದೃಷ್ಟಿಯಿಂದ ನೋಡಿದ್ದೇನೆ; ವೆಬ್‌ಸೈಟಿಗೆ ಅಥವಾ ಮೊಬೈಲ್ ಆ್ಯಪಿಗೆ ಅದು ಹೇಗೆ ಎಂಬುದು ಇಲ್ಲಿಯ ವಿಷಯವಲ್ಲ.

ನಾನು ಇದನ್ನು ಬಳಸುತ್ತಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅಡಿಕೆ ಖರೀದಿ ಅಂಗಡಿಯಲ್ಲಿ. ಅಲ್ಲಿ ಉಬುಂಟು ಹಾಕಿದ ಒಂದೇ ಕಂಪ್ಯೂಟರಿನಲ್ಲಿ ನಾಲ್ಕು ಸ್ಕ್ರಿಪ್ಟ್‌ಗಳು ಕೆಲಸ ಮಾಡುತ್ತವೆ. ಬೆಳಗ್ಗೆ ಧಣಿಗಳು ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ತರಗತಿವಾರು ಧಾರಣೆ ಹೇಳಿದ ಕೂಡಲೇ ಅದನ್ನು ದಾಖಲಿಸುವ ಬ್ಯಾಷ್ ಸ್ಕ್ರಿಪ್ಟ್ ಒಂದು. ತೂಕದ ಯಂತ್ರದಿಂದ ಸೀರಿಯಲ್ ಕೇಬಲಿನ ಮೂಲಕ ತೂಕ ಓದಿ ಬಿಲ್ಲು ಮುದ್ರಿಸುವ ಪೈಥಾನ್ ಸ್ಕ್ರಿಪ್ಟ್ ಇನ್ನೊಂದು. ಇದು ಎರಡು ಮೇಜುಗಳಿಗಾಗಿ ಎರಡು ಟರ್ಮಿನಲ್ ಕಿಟಕಿಗಳಲ್ಲಿ ಏಕಕಾಲಕ್ಕೆ ತೆರೆದಿರುತ್ತದೆ. ಬೆಳೆಗಾರರಿಗೆ ಕನ್ನಡದಲ್ಲಿಯೋ ಮಲಯಾಳದಲ್ಲಿಯೋ ಸಂದೇಶ ಕಳುಹಿಸುವ ಪಿಎಚ್‌ಪಿ ಸ್ಕ್ರಿಪ್ಟ್ ಮೂರನೆಯದು. ರಾತ್ರಿ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಮೂಲಕ ತಾನಾಗಿಯೇ ಓಡಿ ದಿನದ ಲೆಕ್ಕ ಮುಚ್ಚುವುದು ನಾಲ್ಕನೆಯದು. ದಿನದ ಧಾರಣೆ, ಕೊನೆಯ ಬಿಲ್ಲಿನ ನಂಬ್ರ, ಈವರೆಗಿನ ಒಟ್ಟು ತೂಕ, ಈಗ ಎದುರಿಗಿರುವ ಗಿರಾಕಿಯ ಭಾಷೆ ಇವಿಷ್ಟು ಈ ನಾಲ್ಕರ ಪೈಕಿ ಎರಡಕ್ಕೋ ಮೂರಕ್ಕೋ ಗೊತ್ತಿರಲೇಬೇಕು. ಇಂಥ ಸಣ್ಣ ಏರ್ಪಾಡುಗಳು ನಮ್ಮ ಜಿಲ್ಲೆಯಲ್ಲಿ ಅಪರೂಪವೇನಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ, ಕನ್ನಡ ಮಾಧ್ಯಮವೂ ಸೇರಿದಂತೆ, ಐಟಿ ಪಾಠವನ್ನು ಉಬುಂಟು ಆಧಾರಿತ ವ್ಯವಸ್ಥೆಯಲ್ಲಿಯೇ ಕಲಿಸುವುದರಿಂದ ಇಲ್ಲಿಯ ಹುಡುಗರಿಗೆ ಲಿನಕ್ಸ್ ಎಂದರೆ ಪರಕೀಯವಾದದ್ದಲ್ಲ, ಟರ್ಮಿನಲ್ ತೆರೆದು ನಾಲ್ಕು ಸಾಲು ಬರೆಯುವವರು ಊರಿಗೊಬ್ಬರಾದರೂ ಸಿಗುತ್ತಾರೆ.

ಎಸ್‌ಕ್ಯೂಲೈಟ್ ಯಾಕೆ ಬೇಕಾಯಿತು ಎಂದು ಹೇಳುವ ಮೊದಲು ಎನ್ವಿರಾನ್‌ಮೆಂಟ್ ವೇರಿಯೇಬಲ್ ಯಾಕೆ ಸಾಲದು ಎಂಬುದನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಗೊಂದಲವೆಲ್ಲ ಅಲ್ಲಿಯೇ ಹುಟ್ಟುತ್ತದೆ. ಒಂದು ಪ್ರೊಸೆಸ್, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಮು, ಇನ್ನೊಂದನ್ನು ಹುಟ್ಟಿಸುವಾಗ ತನ್ನ ವೇರಿಯೇಬಲ್‌ಗಳ ಒಂದು ಪ್ರತಿಯನ್ನು ಅದಕ್ಕೆ ಕೊಡುತ್ತದೆ. ಕೊಡುವುದು ಪ್ರತಿಯನ್ನೇ ಹೊರತು ಮೂಲವನ್ನಲ್ಲ. ಹೀಗಾಗಿ ಎಕ್ಸ್‌ಪೋರ್ಟ್ ಮಾಡಿದ ಮೌಲ್ಯ ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತದೆ. ಮಗು ಪ್ರೊಸೆಸ್ ಅದನ್ನು ತಿದ್ದಿದರೆ ತಾಯಿ ಪ್ರೊಸೆಸ್‌ಗೆ ಗೊತ್ತಾಗುವುದಿಲ್ಲ, ಪಕ್ಕದ ಕಿಟಕಿಯಲ್ಲಿ ಓಡುತ್ತಿರುವ ಸ್ಕ್ರಿಪ್ಟಿಗಂತೂ ಅದರ ಸುಳಿವೇ ಇರುವುದಿಲ್ಲ. ಧಾರಣೆಯ ಸ್ಕ್ರಿಪ್ಟ್ ಓಡಿ ಮುಗಿದಾಗ ಅದು ಇಟ್ಟುಕೊಂಡಿದ್ದ ವೇರಿಯೇಬಲ್‌ಗಳೆಲ್ಲ ಅದರೊಂದಿಗೇ ಹೋಗುತ್ತವೆ. ಬ್ಯಾಷಿನಲ್ಲಿ ಪೈಪಿನ ಬಲಗಡೆ ಬರೆದ ಲೂಪಿನೊಳಗೆ ಕೂಡಿಸುತ್ತಾ ಹೋದ ಮೊತ್ತ ಲೂಪು ಮುಗಿದ ಮೇಲೆ ಮಾಯವಾಗುವುದಕ್ಕೂ ಕಾರಣ ಇದೇ, ಆ ಲೂಪು ಬೇರೆಯದೇ ಪ್ರೊಸೆಸಿನಲ್ಲಿ ಓಡಿರುತ್ತದೆ. ಸೋರ್ಸ್ ಆದೇಶವನ್ನು ಬಳಸಿ ಒಂದು ಸ್ಕ್ರಿಪ್ಟನ್ನು ಈಗಿನ ಶೆಲ್ಲಿನೊಳಗೇ ಓಡಿಸಿದರೆ ವೇರಿಯೇಬಲ್‌ಗಳು ಉಳಿಯುತ್ತವೆ ಎಂಬುದು ನಿಜ, ಆದರೆ ಆ ಉಪಾಯ ಎರಡೂ ಕಡೆ ಬ್ಯಾಷೇ ಇದ್ದಾಗ ಮಾತ್ರ ನಡೆಯುತ್ತದೆ. ಪೈಥಾನ್ ಸ್ಕ್ರಿಪ್ಟನ್ನು ಹಾಗೆ ಸೋರ್ಸ್ ಮಾಡಲು ಬರುವುದಿಲ್ಲ. ಮೇಲಾಗಿ ಸೋರ್ಸ್ ಮಾಡಿದ ಫೈಲಿನಲ್ಲಿರುವುದೆಲ್ಲ ಆದೇಶವಾಗಿಯೇ ಓಡುವುದರಿಂದ, ಮೌಲ್ಯದ ಜಾಗದಲ್ಲಿ ಯಾರಾದರೂ ಬೇರೇನಾದರೂ ಬರೆದಿಟ್ಟರೆ ಅದೂ ಓಡಿಬಿಡುತ್ತದೆ. ವಿಂಡೋಸಿನವರು ಸೆಟೆಕ್ಸ್ ಎಂಬ ಆದೇಶವನ್ನು ಬಳಸುವುದುಂಟು. ಅದು ಮೌಲ್ಯವನ್ನು ರಿಜಿಸ್ಟ್ರಿಯಲ್ಲಿ ಬರೆಯುತ್ತದೆ, ಇನ್ನು ಮುಂದೆ ತೆರೆಯುವ ಕಿಟಕಿಗಳಿಗೆ ಅದು ಕಾಣುತ್ತದೆ, ಈಗಾಗಲೇ ತೆರೆದಿರುವ ಕಿಟಕಿಗೆ ಕಾಣುವುದಿಲ್ಲ, ಸಾಲದ್ದಕ್ಕೆ 1024 ಅಕ್ಷರಗಳಾಚೆಗಿನದನ್ನು ಕತ್ತರಿಸಿ ಹಾಕುತ್ತದೆ. ದಿನವಿಡೀ ತೆರೆದಿರುವ ಬಿಲ್ಲಿನ ಕಿಟಕಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

ಬದಲಾಗದ ವಿವರಗಳಿಗೆ, ಅಂದರೆ ಅಂಗಡಿಯ ವಿಳಾಸ, ಪ್ರಿಂಟರಿನ ಪೋರ್ಟು, ಸಂದೇಶ ಸೇವೆಯ ಕೀಲಿ ಇಂಥವುಗಳಿಗೆ, ಹೆಸರು-ಮೌಲ್ಯಗಳನ್ನು ಸಾಲುಸಾಲಾಗಿ ಬರೆದಿಟ್ಟ ಒಂದು ಎನ್ವ್ ಫೈಲು ಧಾರಾಳ ಸಾಕು, ನಮ್ಮಲ್ಲಿ ಈಗಲೂ ಅದನ್ನೇ ಇಟ್ಟುಕೊಂಡಿದ್ದೇವೆ. ಕ್ರಾನ್ ಮಾತ್ರ ಲಾಗಿನ್ ಮಾಡಿದಾಗ ಸಿಗುವ ವೇರಿಯೇಬಲ್‌ಗಳನ್ನು ಓದುವುದಿಲ್ಲವಾದ್ದರಿಂದ ರಾತ್ರಿಯ ಸ್ಕ್ರಿಪ್ಟಿನೊಳಗೆ ಆ ಫೈಲನ್ನು ಕೈಯಾರೆ ಓದಿಸಬೇಕು. ತೊಂದರೆ ಇರುವುದು ದಿನದುದ್ದಕ್ಕೂ ಬದಲಾಗುತ್ತಿರುವ ಮೌಲ್ಯಗಳ ವಿಷಯದಲ್ಲಿ, ಅದರಲ್ಲಿಯೂ ಬಿಲ್ಲಿನ ನಂಬ್ರದಲ್ಲಿ.

ಬಿಲ್ಲಿನ ನಂಬ್ರವನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಇಟ್ಟರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಫೈಲಿನಲ್ಲಿ 1842 ಎಂದು ಇದೆ ಎಂದಿಟ್ಟುಕೊಳ್ಳಿ. ಮೊದಲ ಮೇಜಿನ ಸ್ಕ್ರಿಪ್ಟ್ ಅದನ್ನು ಓದಿ ಒಂದು ಕೂಡಿಸುತ್ತದೆ. ಅದು 1843 ಎಂದು ತಿರುಗಿ ಬರೆಯುವಷ್ಟರಲ್ಲಿ ಎರಡನೆಯ ಮೇಜಿನ ಸ್ಕ್ರಿಪ್ಟೂ ಫೈಲನ್ನು ತೆರೆದು 1842 ಎಂದೇ ಓದಿರುತ್ತದೆ. ಇಬ್ಬರೂ 1843 ಎಂದು ಮುದ್ರಿಸುತ್ತಾರೆ, ಫೈಲಿನಲ್ಲಿಯೂ 1843 ಎಂದೇ ಉಳಿಯುತ್ತದೆ, ಇಬ್ಬರು ಬೆಳೆಗಾರರ ಕೈಯಲ್ಲಿ ಒಂದೇ ನಂಬ್ರದ ಎರಡು ಬಿಲ್ಲುಗಳಿರುತ್ತವೆ. ಸಂಜೆ ಲೆಕ್ಕ ತಾಳೆ ನೋಡುವವರೆಗೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಓದುವ ಮತ್ತು ಬರೆಯುವ ನಡುವಿನ ಅಂತರ ಮಿಲಿಸೆಕೆಂಡುಗಳದ್ದೇ ಇರಬಹುದು, ಆದರೆ ಮಧ್ಯಾಹ್ನ ಜೀಪುಗಳಲ್ಲಿ ಗೋಣಿಗಳು ಬಂದು ಬೀಳುವ ಹೊತ್ತಿನಲ್ಲಿ ಆ ಅಂತರವೇ ಸಾಕಾಗುತ್ತದೆ. ಇದಕ್ಕೆ ಲಿನಕ್ಸಿನಲ್ಲಿ ಎಫ್‌ಲಾಕ್ ಎಂಬ ಬೀಗದ ಆದೇಶವಿದೆ, ತಾತ್ಕಾಲಿಕ ಫೈಲಿಗೆ ಬರೆದು ಅನಂತರ ಹೆಸರು ಬದಲಿಸುವ ವಿಧಾನವೂ ಇದೆ; ಎರಡನ್ನೂ ಸರಿಯಾಗಿ ಜೋಡಿಸಿದರೆ ಟೆಕ್ಸ್ಟ್ ಫೈಲೂ ಭದ್ರವಾಗುತ್ತದೆ. ಆದರೆ ಬ್ಯಾಷ್, ಪೈಥಾನ್, ಪಿಎಚ್‌ಪಿ ಮೂರರಲ್ಲಿಯೂ ಅದನ್ನು ಒಂದೇ ರೀತಿಯಲ್ಲಿ, ಒಂದನ್ನೂ ಮರೆಯದೆ ಬರೆಯಬೇಕು. ಅಷ್ಟೆಲ್ಲ ಬರೆದು ಮುಗಿಸಿದಾಗ ನಾವು ಎಸ್‌ಕ್ಯೂಲೈಟಿನ ಒಂದು ಮೂಲೆಯನ್ನು ನಾವೇ ಮತ್ತೆ ಕಟ್ಟಿರುತ್ತೇವೆ, ಅದರ ತಯಾರಕರಷ್ಟು ಚೆನ್ನಾಗಿ ಅಲ್ಲ.

ಎಸ್‌ಕ್ಯೂಲೈಟ್ ಮೊದಲು ಹೊರಬಂದದ್ದು 2000ನೇ ಇಸವಿಯಲ್ಲಿ. ಅದನ್ನು ಬರೆದ ರಿಚರ್ಡ್ ಹಿಪ್ ಆಗ ಅಮೆರಿಕದ ನೌಕಾಪಡೆಯ ಒಂದು ಯುದ್ಧನೌಕೆಗೆ ಸಂಬಂಧಿಸಿದ ತಂತ್ರಾಂಶದ ಕೆಲಸದಲ್ಲಿದ್ದರು, ಸರ್ವರ್ ಬಿದ್ದರೆ ಕೆಲಸವೆಲ್ಲ ನಿಲ್ಲುವ ಸ್ಥಿತಿ ಬೇಡವೆಂಬ ಅಗತ್ಯದಿಂದ ಈ ಸರ್ವರಿಲ್ಲದ ಡೇಟಾಬೇಸ್ ಹುಟ್ಟಿತು. ಇದಕ್ಕೆ ಲೈಸೆನ್ಸ್ ಎಂಬುದೇ ಇಲ್ಲ, ಮೂಲಸಂಹಿತೆಯನ್ನು ಸಾರ್ವಜನಿಕ ಸೊತ್ತಾಗಿ ಬಿಟ್ಟುಕೊಡಲಾಗಿದೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರುಗಳಲ್ಲಿ ಈಗಾಗಲೇ ಇರುವುದು ಇದುವೇ. ಪೈಥಾನ್ 2.5ರಿಂದಲೇ ಇದರ ಮಾಡ್ಯೂಲು ಪೈಥಾನಿನ ಜೊತೆಗೇ ಬರುತ್ತಿದೆ. ಇದನ್ನು 2050ರವರೆಗೆ ನಡೆಸಿಕೊಂಡು ಹೋಗುವುದು ತಮ್ಮ ಉದ್ದೇಶ ಎಂದು ತಯಾರಕರು ಹೇಳಿಕೊಂಡಿದ್ದಾರೆ. ಅಂಗಡಿಯ ಲೆಕ್ಕದ ಮಟ್ಟಿಗೆ ಇದು ಸಣ್ಣ ಭರವಸೆಯಲ್ಲ. ಉಬುಂಟುವಿನಲ್ಲಿ ಲೈಬ್ರರಿ ಮೊದಲೇ ಇರುತ್ತದೆ, ಟರ್ಮಿನಲ್ ಉಪಕರಣವನ್ನು ಮಾತ್ರ ತಂತ್ರಾಂಶ ಹಾಕುವ ಆ್ಯಪ್ಟ್ ಆದೇಶದ ಮೂಲಕ ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಸೇವೆ ಆರಂಭಿಸುವುದಾಗಲಿ, ಪೋರ್ಟು ತೆರೆಯುವುದಾಗಲಿ, ಬಳಕೆದಾರರನ್ನು ಸೃಷ್ಟಿಸುವುದಾಗಲಿ ಇಲ್ಲ.

ನಮ್ಮಲ್ಲಿರುವ ಟೇಬಲ್ ಅತ್ಯಂತ ಸರಳವಾದದ್ದು: ಒಂದು ಕಾಲಮಿನಲ್ಲಿ ವೇರಿಯೇಬಲ್ಲಿನ ಹೆಸರು, ಇನ್ನೊಂದರಲ್ಲಿ ಅದರ ಮೌಲ್ಯ, ಮೂರನೆಯದರಲ್ಲಿ ಕೊನೆಯ ಸಲ ತಿದ್ದಿದ ಹೊತ್ತು. ಹೆಸರನ್ನು ಪ್ರೈಮರಿ ಕೀ ಮಾಡಿದ್ದರಿಂದ ಒಂದೇ ಹೆಸರಿನ ಎರಡು ಸಾಲುಗಳು ಬರಲು ಸಾಧ್ಯವಿಲ್ಲ. ಫೈಲಿನ ಗಾತ್ರ ಆರಂಭದಲ್ಲಿ 12 ಕೆಬಿ. ಅಂಗಡಿಯ ಎದುರು ಧಾರಣೆ ಬರೆದಿಡುವ ಕಪ್ಪು ಹಲಗೆಯನ್ನು ಬಂದವರೆಲ್ಲ ಓದುವ ಹಾಗೆ, ಯಾವ ಭಾಷೆಯ ಸ್ಕ್ರಿಪ್ಟೇ ಆಗಲಿ ಇದನ್ನು ಓದಬಹುದು. ಬರೆಯಲು ಮಾತ್ರ ಒಂದು ಹೊತ್ತಿಗೆ ಒಬ್ಬರಿಗೇ ಅವಕಾಶ.

ಬಿಲ್ಲಿನ ನಂಬ್ರದ ಸಮಸ್ಯೆ ಇಲ್ಲಿ ಒಂದೇ ವಾಕ್ಯದಲ್ಲಿ ಬಗೆಹರಿಯುತ್ತದೆ. ಮೌಲ್ಯಕ್ಕೆ ಒಂದು ಕೂಡಿಸು, ಕೂಡಿಸಿದ ಮೇಲೆ ಬಂದದ್ದನ್ನು ನನಗೆ ತಿರುಗಿ ಕೊಡು ಎಂದು ಅಪ್‌ಡೇಟ್ ಮತ್ತು ರಿಟರ್ನಿಂಗ್ ಪದಗಳನ್ನು ಸೇರಿಸಿ ಬರೆದರೆ, ಓದುವುದು, ಕೂಡಿಸುವುದು, ಬರೆಯುವುದು ಮೂರೂ ಒಂದೇ ಬೀಗದೊಳಗೆ ನಡೆದುಹೋಗುತ್ತವೆ. ಅದೇ ಕ್ಷಣದಲ್ಲಿ ಎರಡನೆಯ ಮೇಜು ಕೇಳಿದರೆ ಅದು ಕಾದು ನಿಂತು 1844 ಪಡೆಯುತ್ತದೆ, 1843 ಅಲ್ಲ. ರಿಟರ್ನಿಂಗ್ ಸೌಲಭ್ಯ ಬಂದದ್ದು 2021ರ 3.35 ಆವೃತ್ತಿಯಲ್ಲಿ. ಉಬುಂಟು 22.04ರಲ್ಲಿ 3.37 ಇರುವುದರಿಂದ ಅಲ್ಲಿ ತೊಂದರೆಯಿಲ್ಲ, 20.04ರಲ್ಲಿ ಇರುವುದು 3.31, ಅಲ್ಲಿ ಇದನ್ನು ಬರೆದರೆ ವಾಕ್ಯದೋಷ ಎಂದು ಹೇಳಿ ಕೈಚೆಲ್ಲುತ್ತದೆ. ಹಳೆಯ ಯಂತ್ರವನ್ನು ಬದಲಿಸಲಾಗದವರು ಟ್ರಾನ್ಸಾಕ್ಷನ್ (ಹಲವು ಹೆಜ್ಜೆಗಳನ್ನು ಒಂದೇ ಕಟ್ಟಾಗಿ ನಡೆಸುವ ಕ್ರಮ) ತೆರೆದು ಮೊದಲು ಕೂಡಿಸಿ, ಬಳಿಕ ಓದಿ, ಮುಚ್ಚಬಹುದು. ಆದರೆ ಆ ಟ್ರಾನ್ಸಾಕ್ಷನ್ನನ್ನು ಬರೀ ಬಿಗಿನ್ ಎಂದು ತೆರೆಯದೆ ಬಿಗಿನ್ ಇಮ್ಮೀಡಿಯೆಟ್ ಎಂದೇ ತೆರೆಯುವುದು ಒಳ್ಳೆಯದು. ಬರೀ ಬಿಗಿನ್ ಎಂದರೆ ಬೀಗ ಬೀಳುವುದು ನಿಜವಾಗಿ ಬರೆಯಲು ಹೊರಟಾಗ. ಒಳಗೆ ಮೊದಲು ಓದಿ ಅನಂತರ ಬರೆಯಲು ಹೋದರೆ, ಅಷ್ಟರಲ್ಲಿ ಇನ್ನೊಬ್ಬರು ಬರೆಯತೊಡಗಿದ್ದರೆ, ಕಾಯುವ ಅವಧಿಯನ್ನು ಎಷ್ಟೇ ಕೊಟ್ಟಿದ್ದರೂ ಕಾಯದೆ ಕೂಡಲೇ ನಿರಾಕರಣೆ ಬರಬಹುದು.

ಕಾಯುವ ಅವಧಿಯ ವಿಷಯದಲ್ಲಿ ಟರ್ಮಿನಲ್ ಉಪಕರಣದ ಮೇಲೆ ನನ್ನ ಮೊದಲ ಆಕ್ಷೇಪವಿದೆ. ಪೈಥಾನಿನ ಮಾಡ್ಯೂಲು ಬೀಗ ಬಿದ್ದಿದ್ದರೆ ತಾನಾಗಿಯೇ 5 ಸೆಕೆಂಡು ಕಾಯುತ್ತದೆ. ಟರ್ಮಿನಲ್ ಉಪಕರಣ ಹೇಳದೆ ಇದ್ದರೆ ಕಾಯುವುದೇ ಇಲ್ಲ, ಡೇಟಾಬೇಸಿಗೆ ಬೀಗ ಬಿದ್ದಿದೆ ಎಂದು ಆ ಕ್ಷಣವೇ ಹೊರಗೆ ಬರುತ್ತದೆ. ಕಾಯುವಂತೆ ಹೇಳಲು ಎರಡು ದಾರಿಗಳಿವೆ, ಎರಡೂ ಒಂದೇ ಎಂದು ಮೇಲುನೋಟಕ್ಕೆ ತೋರುತ್ತದೆ, ಆದರೆ ಸ್ಕ್ರಿಪ್ಟಿನೊಳಗೆ ಅವು ಒಂದೇ ಅಲ್ಲ. ಬಿಸಿ ಟೈಮೌಟ್ ಎಂಬ ಪ್ರಾಗ್ಮಾವನ್ನು, ಅಂದರೆ ಹೊಂದಾಣಿಕೆಯ ವಾಕ್ಯವನ್ನು, 5000 (ಮಿಲಿಸೆಕೆಂಡು) ಎಂದು ಕೊಟ್ಟರೆ ಅದು ಒಪ್ಪಿಕೊಂಡ ಗುರುತಿಗೆ 5000 ಎಂಬುದನ್ನು ಉತ್ತರವಾಗಿಯೂ ಮುದ್ರಿಸುತ್ತದೆ. ಬ್ಯಾಷಿನಲ್ಲಿ ಆ ಉತ್ತರವನ್ನು ವೇರಿಯೇಬಲ್ಲಿಗೆ ತುಂಬಿಕೊಳ್ಳುವಾಗ ಧಾರಣೆಯ ಮುಂದೆ ಈ 5000ವೂ ಒಂದು ಸಾಲಾಗಿ ಬಂದು ಕೂರುತ್ತದೆ. ಹಣದ ಲೆಕ್ಕದಲ್ಲಿ ಇದು ತಮಾಷೆಯ ವಿಷಯವಲ್ಲ. ಇನ್ನೊಂದು ದಾರಿ ಡಾಟ್ ಟೈಮೌಟ್ ಎಂಬ ಆಂತರಿಕ ಆದೇಶವನ್ನು ಸಿಎಂಡಿ ಆಯ್ಕೆಯ ಮೂಲಕ ಕೊಡುವುದು. ಅದು ಏನನ್ನೂ ಮುದ್ರಿಸದೆ ಸುಮ್ಮನೆ ಕೆಲಸ ಮಾಡುತ್ತದೆ. ಸ್ಕ್ರಿಪ್ಟಿನಲ್ಲಿ ಬಳಸುವವರು ಈ ಎರಡನೆಯದನ್ನೇ ರೂಢಿ ಮಾಡಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮ ಬ್ಯಾಷಿನದ್ದೇ ಹೊರತು ಎಸ್‌ಕ್ಯೂಲೈಟಿನದ್ದಲ್ಲ, ಆದರೂ ಇಲ್ಲಿ ಹೇಳದೆ ಇದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ಉಪಕರಣ ಸೋತಾಗ ಶೂನ್ಯವಲ್ಲದ ನಿರ್ಗಮನ ಸಂಕೇತವನ್ನು ಸರಿಯಾಗಿಯೇ ಕೊಡುತ್ತದೆ, ದೋಷ ಕಂಡರೆ ನಿಲ್ಲು ಎಂದು ಸ್ಕ್ರಿಪ್ಟಿನ ತಲೆಯಲ್ಲಿ ಬರೆದಿದ್ದರೆ ಬ್ಯಾಷ್ ಅದನ್ನು ನೋಡಿ ನಿಲ್ಲಬೇಕು. ಆದರೆ ಎಕ್ಸ್‌ಪೋರ್ಟ್ ಎಂಬ ಪದವನ್ನೂ ಉತ್ತರ ತುಂಬಿಕೊಳ್ಳುವುದನ್ನೂ ಒಂದೇ ಸಾಲಿನಲ್ಲಿ ಬರೆದರೆ ಬ್ಯಾಷ್ ನೋಡುವುದು ಎಕ್ಸ್‌ಪೋರ್ಟ್ ಗೆದ್ದಿತೇ ಎಂಬುದನ್ನು, ಅದು ಯಾವಾಗಲೂ ಗೆಲ್ಲುತ್ತದೆ. ಧಾರಣೆ ಸಿಗದಿದ್ದರೂ ಸ್ಕ್ರಿಪ್ಟ್ ಖಾಲಿ ಧಾರಣೆಯೊಂದಿಗೆ ಮುಂದುವರಿಯುತ್ತದೆ. ಮೊದಲ ಸಾಲಿನಲ್ಲಿ ಮೌಲ್ಯ ತುಂಬಿ, ಎರಡನೆಯ ಸಾಲಿನಲ್ಲಿ ಎಕ್ಸ್‌ಪೋರ್ಟ್ ಮಾಡುವುದು ಇದಕ್ಕೆ ಪರಿಹಾರ. ಹೆಸರೇ ಇಲ್ಲದ ವೇರಿಯೇಬಲ್ಲನ್ನು ಕೇಳಿದರೆ ದೋಷ ಬರುವುದಿಲ್ಲ, ಖಾಲಿ ಉತ್ತರ ಬರುತ್ತದೆ. ನಲ್, ಅಂದರೆ ಮೌಲ್ಯವೇ ಇಲ್ಲ, ಎಂದು ಬರೆದಿಟ್ಟದ್ದನ್ನು ಕೇಳಿದರೂ ಖಾಲಿಯೇ ಬರುತ್ತದೆ. ಈ ಎರಡನ್ನು ಬೇರ್ಪಡಿಸಲು ಡಾಟ್ ನಲ್‌ವ್ಯಾಲ್ಯೂ ಎಂಬ ಆದೇಶವಿದೆ, ಅಥವಾ ಮೌಲ್ಯದ ಕಾಲಮಿಗೆ ನಲ್ ಬರಕೂಡದೆಂದು ಟೇಬಲ್ ಮಾಡುವಾಗಲೇ ನಿಷೇಧ ಹಾಕಬಹುದು. ನಾನು ನಿಷೇಧವನ್ನೇ ಆರಿಸಿಕೊಂಡೆ.

ಮೌಲ್ಯದ ಬಗೆಯ ವಿಷಯದಲ್ಲಿ ಎಸ್‌ಕ್ಯೂಲೈಟ್ ತೀರಾ ಧಾರಾಳಿ. ಸಂಖ್ಯೆ ಎಂದು ಘೋಷಿಸಿದ ಕಾಲಮಿನಲ್ಲಿ "450 ರೂ" ಎಂದು ಬರೆದರೂ ಚಕಾರವೆತ್ತದೆ ಇಟ್ಟುಕೊಳ್ಳುತ್ತದೆ, ಅನಂತರ ಗುಣಾಕಾರ ಮಾಡುವಾಗ ಆರಂಭದ ಅಂಕಿಗಳನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಕೆಲವರು ಇದನ್ನು ಸೌಕರ್ಯ ಎನ್ನುತ್ತಾರೆ; ಹಣದ ವ್ಯವಹಾರದಲ್ಲಿ ನನಗೆ ಇದು ಹಿಡಿಸಲಿಲ್ಲ. 2021ರಲ್ಲಿ ಬಂದ 3.37ರಿಂದ ಸ್ಟ್ರಿಕ್ಟ್ ಎಂಬ ಪದ ಸೇರಿಸಿ ಟೇಬಲ್ ಮಾಡಿದರೆ ಇಂಥದ್ದನ್ನು ಒಪ್ಪುವುದಿಲ್ಲ. ಆದ್ದರಿಂದ ನಮ್ಮಲ್ಲಿ ಎರಡು ಟೇಬಲುಗಳಾದವು, ಅಂಕಿಗಳಿಗೊಂದು, ಅಕ್ಷರಗಳಿಗೊಂದು. ತೂಕವನ್ನು ಗ್ರಾಮಿನಲ್ಲಿ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿಯೇ ಇಡುತ್ತೇವೆ, ಏಕೆಂದರೆ ದಶಮಾಂಶವನ್ನು ಫ್ಲೋಟ್ ಆಗಿ, ಅಂದರೆ ಸುಮಾರು ಮೌಲ್ಯವಾಗಿ, ಇಟ್ಟು ನೂರಾರು ಸಲ ಕೂಡಿಸಿದರೆ ಕೊನೆಯ ಪೈಸೆ ತಾಳೆಯಾಗದೆ ಹೋಗಬಹುದು.

ಎಸ್‌ಕ್ಯೂಲೈಟಿಗೆ ನಾನು ಪೂರ್ತಿ ಅಂಕ ಕೊಡುವುದು ಕರೆಂಟು ಹೋದಾಗ ಅದು ನಡೆದುಕೊಳ್ಳುವ ರೀತಿಗೆ. ಆಟಿಯ ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದೋ ಸಿಡಿಲಿಗೋ ಕರೆಂಟು ಹೋಗುವುದು ನಿತ್ಯದ ಸಂಗತಿ, ಯುಪಿಎಸ್ ಬ್ಯಾಟರಿ ಅಷ್ಟರಲ್ಲಿಯೇ ಸೋತಿದ್ದರೆ ಕಂಪ್ಯೂಟರು ಬರೆಯುತ್ತಿದ್ದ ಕೆಲಸದ ನಡುವೆಯೇ ಆರಿಹೋಗುತ್ತದೆ. ಟೆಕ್ಸ್ಟ್ ಫೈಲಾಗಿದ್ದರೆ ಅದು ಖಾಲಿಯಾಗಿಯೋ ಅರ್ಧವಾಗಿಯೋ ಉಳಿಯುವ ಸಾಧ್ಯತೆಯಿರುತ್ತದೆ, ಏಕೆಂದರೆ ಬ್ಯಾಷಿನಲ್ಲಿ ಫೈಲಿಗೆ ಮರುಬರೆಯುವಾಗ ಮೊದಲು ಫೈಲು ಖಾಲಿಯಾಗುತ್ತದೆ, ಅನಂತರ ಹೊಸತು ತುಂಬುತ್ತದೆ. ಎಸ್‌ಕ್ಯೂಲೈಟ್ ಬದಲಾಯಿಸಲಿರುವ ಪುಟಗಳ ಹಳೆಯ ಪ್ರತಿಯನ್ನು ಜರ್ನಲ್ ಎಂಬ ಪಕ್ಕದ ಫೈಲಿನಲ್ಲಿ ಮೊದಲು ಬರೆದು, ಅದು ಡಿಸ್ಕಿಗೆ ತಲುಪಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮೂಲವನ್ನು ಮುಟ್ಟುತ್ತದೆ. ನಡುವೆ ಕರೆಂಟು ಹೋದರೆ ಮುಂದಿನ ಸಲ ಯಾರಾದರೂ ಫೈಲು ತೆರೆದಾಗ ಆ ಜರ್ನಲನ್ನು ನೋಡಿ ಹಿಂದಿನ ಸ್ಥಿತಿಗೆ ಮರಳಿಸುತ್ತದೆ. ಹೀಗಾಗಿ ಬಿಲ್ಲಿನ ನಂಬ್ರ ಹಳೆಯದಾಗಿರುತ್ತದೆ ಅಥವಾ ಹೊಸದಾಗಿರುತ್ತದೆ, ನಡುವಿನ ಯಾವುದೋ ಕಸವಾಗಿರುವುದಿಲ್ಲ. ಇದಕ್ಕಾಗಿ ನಾವು ಒಂದು ಸಾಲನ್ನೂ ಬರೆಯಬೇಕಾಗಿಲ್ಲ.

2010ರ 3.7 ಆವೃತ್ತಿಯಿಂದ ವಾಲ್ ಎಂಬ ಇನ್ನೊಂದು ಕ್ರಮವೂ ಇದೆ. ಅದರಲ್ಲಿ ಹೊಸ ಬದಲಾವಣೆಗಳು ಬೇರೆ ಫೈಲಿಗೆ ಸೇರುತ್ತಾ ಹೋಗುವುದರಿಂದ, ಒಬ್ಬರು ಬರೆಯುತ್ತಿದ್ದರೂ ಉಳಿದವರು ಓದುವುದು ನಿಲ್ಲುವುದಿಲ್ಲ. ಒಮ್ಮೆ ಹೊಂದಿಸಿದರೆ ಆ ಫೈಲಿಗೆ ಅದು ಶಾಶ್ವತವಾಗಿ ಅಂಟಿಕೊಳ್ಳುತ್ತದೆ, ಪ್ರತಿ ಸ್ಕ್ರಿಪ್ಟಿನಲ್ಲಿ ಹೇಳಬೇಕಾಗಿಲ್ಲ. ಧಾರಣೆಯನ್ನು ಮತ್ತೆಮತ್ತೆ ಓದುವ ಫಲಕದ ಸ್ಕ್ರಿಪ್ಟ್ ನಿಮ್ಮಲ್ಲಿದ್ದರೆ ಇದು ಉಪಯುಕ್ತ. ನಮ್ಮಂಥ ಕಡೆ ಹಳೆಯ ಕ್ರಮವೇ ಸಾಕಿತ್ತು, ಆದರೂ ವಾಲ್ ಹಾಕಿಟ್ಟಿದ್ದೇನೆ. ಹಾಕಿದ ಮೇಲೆ ಮುಖ್ಯ ಫೈಲಿನ ಪಕ್ಕದಲ್ಲಿ ವಾಲ್ ಮತ್ತು ಎಸ್‌ಎಚ್‌ಎಂ ಎಂದು ಕೊನೆಗೊಳ್ಳುವ ಎರಡು ಫೈಲುಗಳು ಕಾಣಿಸುತ್ತವೆ. ಬೇಡದ ಫೈಲುಗಳೆಂದು ಅವುಗಳನ್ನು ಅಳಿಸಬಾರದು. ಇದೇ ಕಾರಣಕ್ಕೆ, ಅಂಗಡಿ ನಡೆಯುತ್ತಿರುವಾಗ ಮುಖ್ಯ ಫೈಲನ್ನು ಸಾದಾ ಕಾಪಿ ಆದೇಶದಿಂದ ಪೆನ್‌ಡ್ರೈವಿಗೆ ಹಾಕಿದರೆ ಅದು ನಂಬಲರ್ಹವಾದ ಪ್ರತಿಯಲ್ಲ. ಡಾಟ್ ಬ್ಯಾಕಪ್ ಎಂಬ ಆದೇಶ ಇರುವುದು ಇದಕ್ಕಾಗಿಯೇ, ರಾತ್ರಿಯ ಕ್ರಾನ್ ಅದನ್ನೇ ಬಳಸುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟರ್ಮಿನಲ್ ಉಪಕರಣವನ್ನು ಕರೆದಾಗಲೆಲ್ಲ ಹೊಸ ಪ್ರೊಸೆಸ್ ಹುಟ್ಟುತ್ತದೆಯಾದರೂ ಒಂದೆರಡು ಕರೆಗಳಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಲೂಪಿನೊಳಗೆ ಸಾವಿರ ಸಲ ಕರೆದರೆ ಕಾಣುತ್ತದೆ. ಸಾಮಾನ್ಯ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 50,000 ಸಾಲು ಸೇರಿಸಬಹುದಾದರೂ, ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಬೇರೆಬೇರೆ ಟ್ರಾನ್ಸಾಕ್ಷನ್‌ಗಳಾದರೆ ಸೆಕೆಂಡಿಗೆ ಕೆಲವು ಹತ್ತುಗಳಷ್ಟೇ ಎಂದು ತಯಾರಕರೇ ಹೇಳುತ್ತಾರೆ. ಹಾಗಾಗಿ ಹೆಚ್ಚು ಬರೆಯುವುದಿದ್ದರೆ ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್ನಿನೊಳಗೆ ಸೇರಿಸಬೇಕು.

ಕನ್ನಡ ಮತ್ತು ಮಲಯಾಳ ಪಠ್ಯವನ್ನು ಒಂದೇ ಕಾಲಮಿನಲ್ಲಿ ಇಡಲು ಯಾವ ತೊಡಕೂ ಇಲ್ಲ, ಎಲ್ಲವೂ ಯುಟಿಎಫ್-8 ಆಗಿಯೇ ಕೂರುತ್ತದೆ. ಉದ್ದ ಅಳೆಯುವ ಲೆಂಗ್ತ್ ಫಂಕ್ಷನ್ ಮಾತ್ರ ಅಕ್ಷರಗಳನ್ನು ನಾವು ಎಣಿಸುವ ಹಾಗೆ ಎಣಿಸುವುದಿಲ್ಲ. ಕಾಸರಗೋಡು ಎಂಬುದರಲ್ಲಿ ನಮ್ಮ ಲೆಕ್ಕಕ್ಕೆ ಐದು ಅಕ್ಷರ. ಅದು ಕಾಗುಣಿತದ ಚಿಹ್ನೆಗಳನ್ನೂ ಬೇರೆಬೇರೆಯಾಗಿ ಎಣಿಸಿ 8 ಎನ್ನುತ್ತದೆ, ಡಿಸ್ಕಿನಲ್ಲಿ ಅದು ಹಿಡಿಯುವುದು 24 ಬೈಟು. ಬಿಲ್ಲಿನ ಕಾಲಮುಗಳನ್ನು ಈ ಉದ್ದ ನೋಡಿ ಹೊಂದಿಸಲು ಹೊರಟರೆ ಸಾಲು ಓರೆಯಾಗುತ್ತದೆ. ಅಕಾರಾದಿ ಜೋಡಣೆಯಲ್ಲಿಯೂ ಯುನಿಕೋಡಿನ ಸಂಖ್ಯೆಯನ್ನೇ ಅನುಸರಿಸುವುದರಿಂದ ಳಕಾರ ವಕಾರಕ್ಕಿಂತ ಮೊದಲು ಬರುತ್ತದೆ. ಬಳ ಎಂದು ಆರಂಭವಾಗುವ ಮನೆಹೆಸರು ಬಸ ಎಂದು ಆರಂಭವಾಗುವುದಕ್ಕಿಂತ ಮುಂದೆ ಕಾಣುತ್ತದೆ, ನಿಘಂಟಿನ ಕ್ರಮ ಗೊತ್ತಿರುವವರಿಗೆ ಇದು ಕಿರಿಕಿರಿ. ಅಂಗಡಿಯ ವ್ಯವಹಾರಕ್ಕೆ ಇದರಿಂದ ನಷ್ಟವಿಲ್ಲ.

ಗಿರಾಕಿಯ ಹೆಸರಿನಂಥ ಹೊರಗಿನಿಂದ ಬರುವ ಮೌಲ್ಯವನ್ನು ಬ್ಯಾಷಿನಿಂದ ನೇರವಾಗಿ ಎಸ್‌ಕ್ಯೂಎಲ್ ವಾಕ್ಯದೊಳಗೆ ಅಂಟಿಸುವುದು ಅಪಾಯಕಾರಿ. ಹೆಸರಿನಲ್ಲಿ ಒಂದು ಒಂಟಿ ಉದ್ಧರಣ ಚಿಹ್ನೆ ಬಂದರೂ ವಾಕ್ಯ ಮುರಿಯುತ್ತದೆ, ದುರುದ್ದೇಶವಿದ್ದರೆ ಇನ್ನೂ ಕೆಟ್ಟದ್ದಾಗಬಹುದು. ಪೈಥಾನಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮೌಲ್ಯವನ್ನು ಬೇರೆಯಾಗಿ ಕೊಡುವ ಸುರಕ್ಷಿತ ಕ್ರಮವಿದೆ. ಟರ್ಮಿನಲ್ ಉಪಕರಣದಲ್ಲಿಯೂ 2019ರ 3.28ರಿಂದ ಡಾಟ್ ಪ್ಯಾರಾಮೀಟರ್ ಎಂಬುದು ಬಂದಿದೆ, ಆದರೆ ಅದಕ್ಕೆ ಕೊಡುವ ಮೌಲ್ಯದ ಸುತ್ತ ಉದ್ಧರಣ ಚಿಹ್ನೆಗಳನ್ನು ಹೊಂದಿಸುವುದೇ ಒಂದು ತಲೆನೋವು. ನಮ್ಮಲ್ಲಿ ಬ್ಯಾಷ್ ಬರೆಯುವುದು ಅಂಕಿಗಳನ್ನು ಮಾತ್ರ, ಅದೂ ಅಂಕಿಯೇ ಎಂದು ಪರೀಕ್ಷಿಸಿದ ಮೇಲೆ. ಹೆಸರುಗಳನ್ನೆಲ್ಲ ಪೈಥಾನ್ ನೋಡಿಕೊಳ್ಳುತ್ತದೆ. ಫೈಲಿನೊಳಗಿನದ್ದು ಗುಪ್ತಲಿಪಿಯಲ್ಲಿ ಇರುವುದಿಲ್ಲವಾದ್ದರಿಂದ ಪಾಸ್‌ವರ್ಡು ಮುಂತಾದವುಗಳನ್ನು ಇದರಲ್ಲಿ ಇಡುವುದು ಬೇಡ, ಫೈಲಿನ ಅನುಮತಿಯನ್ನು 600ಕ್ಕೆ ಇಳಿಸಿಟ್ಟರೆ ಬೇರೆ ಲಾಗಿನ್ನಿನವರು ಓದುವುದಾದರೂ ತಪ್ಪುತ್ತದೆ.

ರೆಡಿಸ್ ಎಂಬ ಡೇಟಾಬೇಸ್ ಯಾಕಲ್ಲ ಎಂದು ಕೇಳುವವರಿದ್ದಾರೆ. 2009ರಲ್ಲಿ ಬಂದ ಅದು ಮೌಲ್ಯ ಹಂಚಿಕೊಳ್ಳುವುದಕ್ಕೆಂದೇ ಹೇಳಿ ಮಾಡಿಸಿದಂತಿದೆ, ಒಂದು ಕೂಡಿಸಿ ತಿರುಗಿ ಕೊಡು ಎಂಬುದಕ್ಕೆ ಅದರಲ್ಲಿ ಇಂಕರ್ ಎಂಬ ಒಂದೇ ಪದ ಸಾಕು, ವೇಗದಲ್ಲಂತೂ ಎಸ್‌ಕ್ಯೂಲೈಟ್ ಅದರ ಹತ್ತಿರ ಬರುವುದಿಲ್ಲ. ಆದರೆ ಅದು ಸದಾ ಓಡುತ್ತಿರಬೇಕಾದ ಸರ್ವರು, ಮೌಲ್ಯಗಳನ್ನು ಮುಖ್ಯವಾಗಿ ಇಟ್ಟುಕೊಳ್ಳುವುದು ಮೆಮೊರಿಯಲ್ಲಿ, ಡಿಸ್ಕಿಗೆ ಬರೆಯುವುದನ್ನು ಹೇಗೆ ಹೊಂದಿಸಿದ್ದೀರಿ ಎಂಬುದರ ಮೇಲೆ ಕರೆಂಟು ಹೋದಾಗ ಕೊನೆಯ ಕೆಲವು ಬದಲಾವಣೆಗಳು ಉಳಿಯುತ್ತವೆಯೋ ಇಲ್ಲವೋ ಎಂಬುದು ನಿಂತಿದೆ. ಬಿಲ್ಲಿನ ನಂಬ್ರ ಹಿಂದಕ್ಕೆ ಹೋಗುವುದನ್ನು ಯಾವ ಅಂಗಡಿಯವರೂ ಒಪ್ಪುವುದಿಲ್ಲ. ಡೆವ್ ಎಸ್‌ಎಚ್‌ಎಂ ಎಂಬ ಮೆಮೊರಿ ಕಡತಕೋಶದಲ್ಲಿ ಫೈಲು ಇಡುವ ಉಪಾಯಕ್ಕೂ ಇದೇ ಆಕ್ಷೇಪ ಇನ್ನೂ ಬಲವಾಗಿ ಅನ್ವಯಿಸುತ್ತದೆ, ಅಲ್ಲಿಟ್ಟದ್ದು ಕಂಪ್ಯೂಟರು ಆರಿದೊಡನೆ ಇಲ್ಲವಾಗುತ್ತದೆ. ಈಗ ಎದುರಿಗಿರುವ ಗಿರಾಕಿಯ ಭಾಷೆ ಯಾವುದು ಎಂಬಂಥ ಕ್ಷಣಿಕ ಮೌಲ್ಯಕ್ಕೆ ಅದು ಅಡ್ಡಿಯಿಲ್ಲ.

ಎಸ್‌ಕ್ಯೂಲೈಟ್ ಸೋಲುವುದು ಎರಡನೆಯ ಕಂಪ್ಯೂಟರು ಬಂದಾಗ. ಧಣಿಗಳು ಕುಂಬಳೆಯಲ್ಲಿಯೂ ಒಂದು ಖರೀದಿ ಕೇಂದ್ರ ತೆರೆಯುವ ಯೋಚನೆಯಲ್ಲಿದ್ದಾರೆ, ಅಲ್ಲಿಯ ಕಂಪ್ಯೂಟರಿಗೂ ಇದೇ ಧಾರಣೆ, ಇದೇ ನಂಬ್ರದ ಸರಣಿ ಬೇಕಂತೆ. ಫೈಲನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ಎರಡೂ ಕಡೆಯಿಂದ ತೆರೆದರಾಯಿತು ಎಂದು ಹೇಳುವುದು ಸುಲಭ. ಆದರೆ ವಾಲ್ ಕ್ರಮ ಕೆಲಸ ಮಾಡುವುದು ಎಲ್ಲ ಪ್ರೊಸೆಸ್‌ಗಳೂ ಒಂದೇ ಯಂತ್ರದಲ್ಲಿದ್ದಾಗ ಮಾತ್ರ, ಹಳೆಯ ಕ್ರಮದಲ್ಲಿಯೂ ನೆಟ್‌ವರ್ಕ್ ಕಡತವ್ಯವಸ್ಥೆಗಳ ಬೀಗಗಳನ್ನು ನಂಬಬೇಡಿ ಎಂದು ತಯಾರಕರೇ ಎಚ್ಚರಿಸಿದ್ದಾರೆ. ಬೀಗ ಸುಳ್ಳಾದರೆ ಒಂದೇ ನಂಬ್ರದ ಎರಡು ಬಿಲ್ಲಿನಷ್ಟಕ್ಕೆ ಮುಗಿಯುವುದಿಲ್ಲ, ಫೈಲೇ ಕೆಡಬಹುದು. ಕುಂಬಳೆಯ ಸ್ಕ್ರಿಪ್ಟ್, ದೂರದ ಕಂಪ್ಯೂಟರಿನಲ್ಲಿ ಆದೇಶ ಓಡಿಸುವ ಎಸ್‌ಎಸ್‌ಎಚ್ ಮೂಲಕ ಇಲ್ಲಿಯ ಕಂಪ್ಯೂಟರಿನಲ್ಲಿಯೇ ಆ ಒಂದು ವಾಕ್ಯವನ್ನು ಓಡಿಸಿ ಉತ್ತರ ಪಡೆಯುವುದು ಒಂದು ದಾರಿ, ಇಂಟರ್‌ನೆಟ್ ಇಲ್ಲದಾಗ ಅಲ್ಲಿ ಬಿಲ್ಲು ನಿಲ್ಲುತ್ತದೆ. ಎರಡು ಕೇಂದ್ರಗಳಿಗೆ ಎರಡು ಪ್ರತ್ಯೇಕ ನಂಬ್ರದ ಸರಣಿ ಕೊಟ್ಟು, ಬೆಳಗ್ಗೆ ಧಾರಣೆಯನ್ನು ಮಾತ್ರ ಕಳುಹಿಸಿ, ರಾತ್ರಿ ಲೆಕ್ಕವನ್ನು ಒಟ್ಟುಗೂಡಿಸುವುದು ಇನ್ನೊಂದು ದಾರಿ, ನನ್ನ ಒಲವು ಇದರ ಕಡೆಗೆ. ಎರಡೂ ಒಪ್ಪಿಗೆಯಾಗದೆ ಒಂದೇ ಸರಣಿ ಬೇಕೇ ಬೇಕು ಎಂದಾದರೆ ಪೋಸ್ಟ್‌ಗ್ರೆಸ್‌ನಂಥ ಸರ್ವರನ್ನು ಹಾಕುವುದೇ ಸರಿ, ಅದನ್ನು ನೋಡಿಕೊಳ್ಳಲು ಒಬ್ಬರ ಸಂಬಳವನ್ನೂ ಆಗ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.